ಸ್ಕೂಬಾ ಡೈವಿಂಗ್: ಸಮುದ್ರಕ್ಕಿಳಿಯುವ ಮೊದಲು ಬಯಲುಸೀಮೆಯವರು ತಿಳಿದಿರಬೇಕಾದದ್ದು

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ ಕುರಿತು ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಮಳೆಗಾಲ ಮುಗಿದು ಅಕ್ಟೋಬರ್ ಬಂತೆಂದರೆ ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಕಡೆಯ ಯುವಕ ಯುವತಿಯರು ಗುಂಪು ಕಟ್ಟಿಕೊಂಡು ಅತ್ತ ಹೊರಡುವುದು ಈಗ ಸಾಮಾನ್ಯವಾಗಿದೆ. ಮೈಸೂರಿನ ಮೇಲೆ ಹಾದುಹೋಗುವ ರೈಲು ಮುರ್ಡೇಶ್ವರದವರೆಗೆ ವಿಸ್ತರಣೆಯಾದ ಮೇಲಂತೂ ಪ್ರಯಾಣವೂ ಸಲೀಸಾಗಿದೆ. ಆದರೆ ದ್ವೀಪದ ವರ್ಣನೆಗೆ ಸಿಕ್ಕ ಜಾಗದ ಕಾಲುಭಾಗವೂ ಆ ಲೇಖನದಲ್ಲಿ ಕಲಿಕೆಗೆ, ಸಲಕರಣೆಗೆ, ಆರೋಗ್ಯಕ್ಕೆ ಸಿಗಲಿಲ್ಲ. ಸೇವಾವಧಿಯುದ್ದಕ್ಕೂ ಪಿಯುಸಿ ವಿದ್ಯಾರ್ಥಿಗಳಿಗೆ, ಒತ್ತಡ ಇಳಿದಂತೆ ಗಾಳಿಯ ಗಾತ್ರ ಹೆಚ್ಚುತ್ತದೆ ಎನ್ನುವ ಬಾಯ್ಲ್‌ನ ನಿಯಮವನ್ನು ಕಪ್ಪುಹಲಗೆಯ ಮೇಲೆ ಹೇಳಿಕೊಟ್ಟು, ನಿವೃತ್ತಿಯ ನಂತರ ಅದೇ ನಿಯಮವನ್ನು ಸಮುದ್ರದೊಳಗೆ ಮೈಯಾರೆ ಅನುಭವಿಸಿದ ನನಗೆ ಈ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಬೇಕೆನಿಸಿತು.

ಮೊದಲು ಲೇಖನದಲ್ಲಿದ್ದ ಒಂದು ತಪ್ಪನ್ನು ತಿದ್ದಬೇಕಾಗಿದೆ. ಡೈವ್ ಮಾಡುವವರು ಬೆನ್ನಿಗೆ ಆಮ್ಲಜನಕದ ಸಿಲಿಂಡರ್ ಕಟ್ಟಿಕೊಂಡು ಇಳಿಯುತ್ತಾರೆ ಎಂದು ಅಲ್ಲಿ ಬರೆಯಲಾಗಿತ್ತು. ಬಹುತೇಕ ಪತ್ರಿಕೆಗಳೂ ವಾಹಿನಿಗಳೂ ಹೀಗೆಯೇ ಹೇಳುತ್ತವೆ. ವಾಸ್ತವದಲ್ಲಿ ಆ ಸಿಲಿಂಡರಿನಲ್ಲಿರುವುದು ನಾವೆಲ್ಲ ಉಸಿರಾಡುವ ಗಾಳಿಯೇ: ಸುಮಾರು ಶೇ 21 ಆಮ್ಲಜನಕ, ಉಳಿದದ್ದು ಬಹುಪಾಲು ಸಾರಜನಕ; ತೇವವನ್ನೂ ಎಣ್ಣೆಯ ಅಂಶವನ್ನೂ ಸೋಸಿ, ಕಂಪ್ರೆಸರ್‌ನಿಂದ ಒತ್ತಿ ತುಂಬಿದ ಗಾಳಿ. ಶುದ್ಧ ಆಮ್ಲಜನಕವನ್ನು 6 ಮೀಟರ್‌ಗಿಂತ ಹೆಚ್ಚಿನ ಆಳದಲ್ಲಿ ಉಸಿರಾಡಿದರೆ ಅದು ನರಮಂಡಲಕ್ಕೆ ವಿಷವಾಗಿ ಪರಿಣಮಿಸಿ, ಮುನ್ಸೂಚನೆಯೇ ಇಲ್ಲದೆ ಫಿಟ್ಸ್ ಬರಬಹುದು. ನೀರಿನೊಳಗೆ ಫಿಟ್ಸ್ ಬಂದವರು ಬಾಯಲ್ಲಿ ಕಚ್ಚಿಕೊಂಡಿರುವ, ಸಿಲಿಂಡರಿನ ಗಾಳಿ ಒದಗಿಸುವ ರೆಗ್ಯುಲೇಟರನ್ನು ಬಿಟ್ಟರೆ ಮುಂದೇನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಶುದ್ಧ ಆಮ್ಲಜನಕ ಇರಬೇಕಾದದ್ದು ಡೈವರ್‌ನ ಬೆನ್ನ ಮೇಲಲ್ಲ, ದೋಣಿಯಲ್ಲಿ, ತುರ್ತು ಚಿಕಿತ್ಸೆಗೆಂದು. ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ "ದೋಣಿಯಲ್ಲಿ ಆಕ್ಸಿಜನ್ ಕಿಟ್ ಇಟ್ಟಿರುತ್ತೀರಾ, ಅದನ್ನು ಬಳಸಲು ಬಲ್ಲವರು ಜೊತೆಗೆ ಬರುತ್ತಾರಾ" ಎಂಬುದು ಮುಖ್ಯವಾದದ್ದು. ಒಳ್ಳೆಯ ಕೇಂದ್ರದವರು ಈ ಪ್ರಶ್ನೆಗೆ ಬೇಸರಪಟ್ಟುಕೊಳ್ಳುವುದಿಲ್ಲ. ಬೇಸರಪಟ್ಟುಕೊಳ್ಳುವವರಿಂದ ದೂರವಿರುವುದು ಒಳಿತು.

ನೇತ್ರಾಣಿಯಲ್ಲಿ ಪ್ರವಾಸಿಗರಿಗೆ ಮಾಡಿಸುವುದು ಬಹುಪಾಲು ಪರಿಚಯದ ಡೈವ್ ಮಾತ್ರ ಎಂಬುದು ಅನೇಕರಿಗೆ ಸ್ಪಷ್ಟವಾಗಿಲ್ಲ. ಅದಕ್ಕೆ ಈಜು ಬರಬೇಕೆಂದೇನೂ ಇಲ್ಲ. ಇನ್‌ಸ್ಟ್ರಕ್ಟರ್ ನಿಮ್ಮ ಸಿಲಿಂಡರಿನ ಕುತ್ತಿಗೆಯನ್ನೋ ಪಟ್ಟಿಯನ್ನೋ ಹಿಡಿದುಕೊಂಡೇ ಇರುತ್ತಾರೆ. ಆಳ ಎಷ್ಟು, ಗಾಳಿ ಎಷ್ಟು ಉಳಿದಿದೆ, ಯಾವಾಗ ಮೇಲೇರಬೇಕು ಎಂಬುದೆಲ್ಲ ಅವರದೇ ಹೊಣೆ. ಡೈವಿಂಗ್ ತರಬೇತಿಯ ಪಾಡಿ ಎಂಬ ಸಂಸ್ಥೆಯ ನಿಯಮದ ಪ್ರಕಾರ ಇಂಥ ಡೈವ್ 12 ಮೀಟರ್‌ಗಿಂತ ಆಳಕ್ಕೆ ಹೋಗುವಂತಿಲ್ಲ, ರೂಢಿಯಲ್ಲಿ ಅದಕ್ಕಿಂತ ಮೇಲೆಯೇ ಮುಗಿಯುತ್ತದೆ. ಮುಗಿದ ಮೇಲೆ ವಿಡಿಯೊ ಜೊತೆಗೆ ಹೆಸರು ಬರೆದ ಒಂದು ಪ್ರಮಾಣಪತ್ರವನ್ನೂ ಕೊಡುವುದುಂಟು. ಅದು ನೆನಪಿನ ಕಾಣಿಕೆಯೇ ಹೊರತು ಅರ್ಹತೆಯಲ್ಲ. ಅದನ್ನು ತೋರಿಸಿ ಅಂಡಮಾನಿನಲ್ಲಾಗಲಿ ಲಕ್ಷದ್ವೀಪದಲ್ಲಾಗಲಿ ಸ್ವತಂತ್ರವಾಗಿ ಡೈವ್ ಮಾಡಲು ಬರುವುದಿಲ್ಲ, ಮಾಡಲೂಬಾರದು.

ನಿಜವಾದ ಕಲಿಕೆ ಬೇಕೆನ್ನುವವರು ಓಪನ್ ವಾಟರ್ ಡೈವರ್ ಎಂಬ ಕೋರ್ಸ್ ಮಾಡಬೇಕು. ಅಮೆರಿಕದಲ್ಲಿ ಆರಂಭವಾದ ಪಾಡಿ (1966), ಎಸ್‌ಎಸ್‌ಐ, ನಾವಿ ಮುಂತಾದ ಸಂಸ್ಥೆಗಳೂ, 1959ರಲ್ಲಿ ಸ್ಥಾಪನೆಯಾಗಿ ಜಾಕ್ ಕುಸ್ತೊ ಅವರು ಮೊದಲ ಅಧ್ಯಕ್ಷರಾಗಿದ್ದ ಸಿಎಂಎಎಸ್ ಒಕ್ಕೂಟವೂ ಈ ಹಂತದ ಕಲಿಕೆಗೆ ತಮ್ಮ ತಮ್ಮ ಪಠ್ಯಕ್ರಮ ರೂಪಿಸಿವೆ; ಹೆಸರು ಬೇರೆಯಾದರೂ ತಿರುಳು ಹೆಚ್ಚು ಕಡಿಮೆ ಒಂದೇ. ಪಾಠ ಓದಿ ಪರೀಕ್ಷೆ ಬರೆಯಬೇಕು, ಈಜುಕೊಳದಲ್ಲೋ ಅಲೆಯಿಲ್ಲದ ತಗ್ಗು ನೀರಿನಲ್ಲೋ ಅಭ್ಯಾಸಗಳನ್ನು ಮುಗಿಸಬೇಕು, ನಂತರ ಸಮುದ್ರದಲ್ಲಿ ನಾಲ್ಕು ಡೈವ್ ಮಾಡಬೇಕು. ಇದಕ್ಕೆ ಸಾಮಾನ್ಯವಾಗಿ ಮೂರು ನಾಲ್ಕು ದಿನ ಹಿಡಿಯುತ್ತದೆ. ಒಂದೇ ದಿನದಲ್ಲಿ ಅರ್ಹತೆಯ ಕಾರ್ಡ್ ಕೊಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದುಬರುವುದು ಲೇಸು. ಕಾರ್ಡ್ ಸಿಕ್ಕ ಮೇಲೂ ಮಿತಿ 18 ಮೀಟರ್, ಅದೂ ಜೊತೆಗಾರರೊಬ್ಬರೊಂದಿಗೆ. ಕನಿಷ್ಠ ವಯಸ್ಸು ಹತ್ತು ವರ್ಷ. ಅಷ್ಟು ಚಿಕ್ಕ ಮಕ್ಕಳಿಗೆ ಆಳದ ಮಿತಿ ಇನ್ನೂ ಕಡಿಮೆ, ಮತ್ತು ಅರ್ಹ ಹಿರಿಯರೊಬ್ಬರು ಜೊತೆಗಿರಲೇಬೇಕು. ಇನ್‌ಸ್ಟ್ರಕ್ಟರ್ ಅವರ ಸದಸ್ಯತ್ವ ಸಂಖ್ಯೆಯನ್ನು ಕೇಳಿ ಪಡೆದು ಆಯಾ ಸಂಸ್ಥೆಯ ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳಲು ಅವಕಾಶವಿದೆ. ಮನೆ ಕೆಲಸಕ್ಕೆ ಬರುವ ಎಲೆಕ್ಟ್ರಿಷಿಯನ್ ಬಗ್ಗೆ ನಾಲ್ಕು ಜನರನ್ನು ವಿಚಾರಿಸುವ ನಾವು ಇಲ್ಲಿ ಯಾರನ್ನೂ ವಿಚಾರಿಸದೆ ನೀರಿಗಿಳಿಯುತ್ತೇವೆ.

ಈ ಕೋರ್ಸಿಗೆ ಈಜು ಬರಲೇಬೇಕು. ಪಾಡಿಯ ಪರೀಕ್ಷೆಯಲ್ಲಿ 200 ಮೀಟರ್ ದೂರವನ್ನು ನಿಲ್ಲದೆ ಈಜಬೇಕು, ಜೊತೆಗೆ ಹತ್ತು ನಿಮಿಷ ಏನನ್ನೂ ಹಿಡಿದುಕೊಳ್ಳದೆ ತೇಲಿಕೊಂಡಿರಬೇಕು. ವೇಗದ ಷರತ್ತಿಲ್ಲ, ಶೈಲಿಯ ಷರತ್ತೂ ಇಲ್ಲ. ನಮ್ಮ ಸರಸ್ವತಿಪುರಂನಲ್ಲಿರುವ ವಿಶ್ವವಿದ್ಯಾನಿಲಯದ ಈಜುಕೊಳದಂಥ ಕಡೆ ಬೇಸಿಗೆಯಲ್ಲಿ ಶ್ರದ್ಧೆಯಿಂದ ಕಲಿತವರಿಗೆ ಇದು ದೊಡ್ಡ ವಿಷಯವಲ್ಲ. ಕುತೂಹಲದ ಸಂಗತಿಯೆಂದರೆ, ಬಲಮುರಿಯಲ್ಲೋ ಶ್ರೀರಂಗಪಟ್ಟಣದ ಸಂಗಮದಲ್ಲೋ ವಿಶ್ವೇಶ್ವರಯ್ಯ ನಾಲೆಯಲ್ಲೋ ಈಜಿ ಬೆಳೆದ ಗಟ್ಟಿಗರಿಗೆ ಸ್ಕೂಬಾ ಕೆಲವೊಮ್ಮೆ ಹೊಸಬರಿಗಿಂತ ಕಷ್ಟವಾಗುತ್ತದೆ. ಉಸಿರು ಬಿಗಿಹಿಡಿದು ಮುಳುಗುವುದು, ಕೈಕಾಲು ಬಲವಾಗಿ ಬಡಿಯುವುದು ಅವರ ರೂಢಿ. ಸ್ಕೂಬಾದಲ್ಲಿ ಮೊದಲನೆಯದು ಪ್ರಾಣಾಪಾಯ, ಎರಡನೆಯದು ಗಾಳಿಯ ಅಪವ್ಯಯ. ಕೈಗಳನ್ನು ಎದೆಯ ಮುಂದೆ ಕಟ್ಟಿಕೊಂಡು, ಕಾಲನ್ನು ಸೊಂಟದಿಂದ ನಿಧಾನವಾಗಿ ಆಡಿಸುತ್ತ, ಎಡೆಬಿಡದೆ ಉಸಿರಾಡುವುದನ್ನು ಅವರು ಹೊಸದಾಗಿ ರೂಢಿಸಿಕೊಳ್ಳಬೇಕಾಗುತ್ತದೆ.

ಉಸಿರು ಹಿಡಿಯಬಾರದೆಂಬ ನಿಯಮವನ್ನು ಎಲ್ಲ ಕೇಂದ್ರಗಳಲ್ಲೂ ಹೇಳುತ್ತಾರೆ, ಆದರೆ ಕಾರಣ ಹೇಳುವವರು ಕಡಿಮೆ. ಸಮುದ್ರಮಟ್ಟದಲ್ಲಿ ನಮ್ಮ ಮೇಲಿರುವುದು ಒಂದು ವಾಯುಭಾರದ ಒತ್ತಡ. ನೀರಿನಲ್ಲಿ ಪ್ರತಿ 10 ಮೀಟರ್‌ಗೆ ಇನ್ನೊಂದು ವಾಯುಭಾರ ಸೇರುತ್ತದೆ. 10 ಮೀಟರ್‌ನಲ್ಲಿ ಎರಡು, 20 ಮೀಟರ್‌ನಲ್ಲಿ ಮೂರು. ರೆಗ್ಯುಲೇಟರ್ ನಮಗೆ ಆಯಾ ಆಳದ ಒತ್ತಡದಲ್ಲಿಯೇ ಗಾಳಿ ಒದಗಿಸುವುದರಿಂದ ಶ್ವಾಸಕೋಶ ಅಲ್ಲಿಯೂ ಎಂದಿನಂತೆ ತುಂಬಿಕೊಳ್ಳುತ್ತದೆ. ಹಾಗೆ 10 ಮೀಟರ್‌ನಲ್ಲಿ ತುಂಬಿದ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಒತ್ತಡ ಅರ್ಧವಾಗಿ ಗಾಳಿಯ ಗಾತ್ರ ಎರಡರಷ್ಟಾಗಬೇಕು. ಶ್ವಾಸಕೋಶಕ್ಕೆ ಅಷ್ಟು ಹಿಗ್ಗುವ ಶಕ್ತಿಯಿಲ್ಲ, ಅದರ ಅಂಗಾಂಶ ಹರಿದು ಗಾಳಿ ರಕ್ತನಾಳಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಇದು ಆಳದ ಡೈವ್‌ಗೆ ಮಾತ್ರ ಸಂಬಂಧಿಸಿದ ಅಪಾಯವೆಂದು ತಿಳಿಯಬಾರದು. ಗಾತ್ರದ ಏರುಪೇರು ಅತಿ ಹೆಚ್ಚಾಗಿರುವುದೇ ಮೇಲಿನ 10 ಮೀಟರ್‌ನಲ್ಲಿ. ತುಂಬಿದ ಉಸಿರನ್ನು ಹಿಡಿದು ಒಂದೂವರೆ ಮೀಟರ್ ಮೇಲೆ ಬಂದರೂ ಗಾಯವಾಗಬಹುದು. ಆದ್ದರಿಂದ ಈಜುಕೊಳದ ಅಭ್ಯಾಸದಲ್ಲೂ ಈ ನಿಯಮಕ್ಕೆ ವಿನಾಯಿತಿ ಇಲ್ಲ. ಬಾಯಿಯಿಂದ ರೆಗ್ಯುಲೇಟರ್ ತೆಗೆದಿರುವ ಹೊತ್ತಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳನ್ನು ಬಿಡುತ್ತಿರಬೇಕೆಂದು ಕಲಿಸುವುದು ಇದೇ ಕಾರಣಕ್ಕೆ.

ಇಳಿಯುವಾಗ ಕಾಡುವುದು ಕಿವಿ. ಚಾರ್ಮಾಡಿಯನ್ನೋ ಸಂಪಾಜೆಯನ್ನೋ ಬಸ್ಸಿನಲ್ಲಿ ಇಳಿಯುವಾಗ ಕಿವಿ ಕಟ್ಟಿದಂತಾಗುವುದು ನಮಗೆಲ್ಲ ಗೊತ್ತು. ಇಡೀ ಘಟ್ಟ ಇಳಿದಾಗ ಆಗುವಷ್ಟು ಒತ್ತಡದ ವ್ಯತ್ಯಾಸ ನೀರಿನಲ್ಲಿ ಮೊದಲ ಒಂದು ಮೀಟರ್‌ಗೇ ಆಗಿಬಿಡುತ್ತದೆ. ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್‌ನ ಮೇಲಿಂದ ಮೂಗು ಹಿಡಿದು ಮೆಲ್ಲಗೆ ಊದಿದರೆ ಗಂಟಲಿನಿಂದ ನಡುಕಿವಿಗೆ ಹೋಗುವ ನಾಳ ತೆರೆದುಕೊಂಡು ಕಿವಿ ಬಿಡುತ್ತದೆ. ಇದನ್ನು ನೋವು ಬಂದ ಮೇಲಲ್ಲ, ನೋವು ಬರುವ ಮುನ್ನವೇ, ನೀರಿನ ಮೇಲಿರುವಾಗಿನಿಂದ ಆರಂಭಿಸಿ ಅರ್ಧ ಮೀಟರ್‌ಗೋ ಒಂದು ಮೀಟರ್‌ಗೋ ಒಮ್ಮೆ ಮಾಡುತ್ತ ಹೋಗಬೇಕು. ಕಿವಿ ಬಿಡದಿದ್ದರೆ ಬಲವಾಗಿ ಊದಬಾರದು. ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು, ಆಗಲೂ ಬಿಡದಿದ್ದರೆ ಆ ದಿನದ ಡೈವ್ ಮುಗಿಯಿತೆಂದು ತಿಳಿಯಬೇಕು. ಕಷ್ಟಪಟ್ಟು ಇಳಿದವರು ಕಿವಿಯ ತಮಟೆ ಹರಿದುಕೊಂಡು ತಿಂಗಳುಗಟ್ಟಲೆ ಕಿವಿಯ ವೈದ್ಯರಲ್ಲಿಗೆ ಅಲೆದಿದ್ದಾರೆ. ನೆಗಡಿಯಿದ್ದಾಗ ಡೈವ್ ಮಾಡುವಂತೆಯೇ ಇಲ್ಲ. ಮೂಗು ಬಿಡುವ ಮಾತ್ರೆ ನುಂಗಿ ಇಳಿಯುವ ಉಪಾಯವೂ ಒಳ್ಳೆಯದಲ್ಲ, ಏಕೆಂದರೆ ಔಷಧದ ಪರಿಣಾಮ ನೀರಿನೊಳಗೆ ಇಳಿದುಹೋದರೆ ಹೊರಬರಲಾಗದ ಗಾಳಿ ಕಿವಿಯೊಳಗೇ ಸಿಕ್ಕಿಕೊಳ್ಳುತ್ತದೆ.

ಇನ್ನು ಸಲಕರಣೆಗಳ ಮಾತು. ಹೊಸಬರು ತಮ್ಮದೇ ಎಂದು ಕೊಳ್ಳಬೇಕಾದದ್ದು ನನ್ನ ಅಭಿಪ್ರಾಯದಲ್ಲಿ ಒಂದೇ, ಮಾಸ್ಕ್. ಈಜುವಾಗ ಹಾಕುವ ಕನ್ನಡಕ ಇಲ್ಲಿ ಕೆಲಸಕ್ಕೆ ಬಾರದು. ಮೂಗನ್ನು ಒಳಗೊಳ್ಳದ ಕನ್ನಡಕದೊಳಗೆ ಗಾಳಿ ತುಂಬಲು ದಾರಿಯಿಲ್ಲದೆ, ಆಳದ ಒತ್ತಡಕ್ಕೆ ಅದು ಕಣ್ಣಿನ ಸುತ್ತ ಹೀರಿಕೊಂಡು ರಕ್ತ ಕಟ್ಟಿಸುತ್ತದೆ. ಗಟ್ಟಿಗೊಳಿಸಿದ ಗಾಜು, ಮೆದುವಾದ ಸಿಲಿಕೋನ್ ಅಂಚು, ಹೊರಗಿನಿಂದ ಹಿಡಿಯಲು ಬರುವ ಮೂಗಿನ ಭಾಗ ಇರುವುದನ್ನು ನೋಡಿ ಕೊಳ್ಳಬೇಕು. ಅಳತೆ ನೋಡುವ ಕ್ರಮ ಸರಳ: ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ ಮೂಗಿನಿಂದ ಮೆಲ್ಲಗೆ ಉಸಿರೆಳೆದುಕೊಂಡು ಕೈಬಿಟ್ಟರೆ ಅದು ಮುಖಕ್ಕೆ ಅಂಟಿಕೊಂಡೇ ನಿಲ್ಲಬೇಕು. ಸಿಲಿಕೋನ್ ಅಂಚಿನ ಕೆಳಗೆ ಒಂದೆರಡು ಕೂದಲು ಸಿಕ್ಕಿದರೂ ನೀರು ಜಿನುಗುತ್ತದೆ. ನಮ್ಮ ಕಡೆಯ ಹುರಿಮೀಸೆಯವರು ಇದನ್ನು ಗಮನಿಸಬೇಕು: ಮೂಗಿನ ಬುಡದ ಒಂದು ಗೆರೆಯಷ್ಟು ಕೂದಲನ್ನು ಕ್ಷೌರ ಮಾಡಿಕೊಂಡರೆ ಸಾಕು, ಮೀಸೆಯನ್ನೇ ತ್ಯಾಗ ಮಾಡಬೇಕಾಗಿಲ್ಲ. ಹೊಸ ಮಾಸ್ಕಿನ ಗಾಜಿಗೆ ತಯಾರಿಕೆಯ ಕಾಲದ ತೆಳುವಾದ ಪದರ ಅಂಟಿರುವುದರಿಂದ ಅದು ವಿಪರೀತ ಮಬ್ಬಾಗುತ್ತದೆ. ಜೆಲ್ ಅಲ್ಲದ ಮಾಮೂಲಿ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ನಾಲ್ಕಾರು ಸಲ ಉಜ್ಜಿ ತೊಳೆದರೆ ಸರಿಹೋಗುತ್ತದೆ. ಕನ್ನಡಕ ಹಾಕುವವರಿಗೆ ಪವರ್ ಇರುವ ಗಾಜಿನ ಮಾಸ್ಕ್‌ಗಳೂ ಸಿಗುತ್ತವೆ.

ಉಳಿದ ದುಬಾರಿ ಸಾಮಾನುಗಳನ್ನು ಕೇಂದ್ರದವರೇ ಕೊಡುತ್ತಾರೆ, ಹತ್ತಾರು ಡೈವ್ ಆಗುವವರೆಗೆ ಅವನ್ನೇ ಬಳಸುವುದು ಜಾಣತನ. ಆದರೆ ಕೊಟ್ಟದ್ದನ್ನು ಹಾಗೆಯೇ ತೊಟ್ಟುಕೊಳ್ಳದೆ ಒಮ್ಮೆ ನೋಡುವ ಅಭ್ಯಾಸವಿರಬೇಕು. ಸಿಲಿಂಡರ್ ಸಾಮಾನ್ಯವಾಗಿ ಅಲ್ಯೂಮಿನಿಯಂನದು, ಒಳಗಿನ ಅಳತೆ ಸುಮಾರು 11 ಲೀಟರ್, ತುಂಬಿದಾಗ ಒತ್ತಡ 200 ಬಾರ್ ಆಸುಪಾಸು (ಒಂದು ಬಾರ್ ಎಂದರೆ ಹೆಚ್ಚು ಕಡಿಮೆ ಒಂದು ವಾಯುಭಾರ). ಅಂದರೆ ಸುಮಾರು 2,200 ಲೀಟರ್ ಗಾಳಿ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಬಳಸುವವರು 10 ಮೀಟರ್‌ನಲ್ಲಿ 40 ಲೀಟರ್ ಬಳಸುತ್ತಾರೆ, ಗಾಬರಿಗೊಂಡವರು ಇನ್ನೂ ಹೆಚ್ಚು. ಎಷ್ಟು ಹೊತ್ತು ಇರಬಹುದು ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲದಿರುವುದು ಇದರಿಂದಲೇ. ಸಿಲಿಂಡರಿನ ಒತ್ತಡ ತೋರಿಸುವ ಗೇಜಿನ ಮುಳ್ಳು 50 ಬಾರ್ ತಲುಪುವಷ್ಟರಲ್ಲಿ ಮೇಲೆ ಬಂದಿರಬೇಕು. ಸಿಲಿಂಡರಿನ ಹೆಗಲಿನ ಮೇಲೆ ಒತ್ತಡ ಪರೀಕ್ಷೆಯ ದಿನಾಂಕವನ್ನು ಕೊರೆದಿರುತ್ತಾರೆ, ಅದು ಬಣ್ಣದಡಿ ಮುಚ್ಚಿಹೋಗಿದ್ದರೆ ಕೇಳಬೇಕು. ರೆಗ್ಯುಲೇಟರಿನಿಂದ ನಾಲ್ಕು ಉಸಿರೆಳೆದು ನೋಡಿದಾಗ ಗಾಳಿಗೆ ರುಚಿಯಾಗಲಿ ವಾಸನೆಯಾಗಲಿ ಇರಬಾರದು. ಎಣ್ಣೆಯ ವಾಸನೆಯೋ ಹೊಗೆಯ ವಾಸನೆಯೋ ಇದ್ದರೆ ಕಂಪ್ರೆಸರ್ ಸರಿಯಿಲ್ಲ, ಅಥವಾ ಅದು ಎಂಜಿನ್ನಿನ ಹೊಗೆಯನ್ನೇ ಒಳಗೆಳೆದುಕೊಂಡಿದೆ ಎಂದರ್ಥ. ಹೊಗೆಯ ಜೊತೆ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ತನ್ನದೇ ವಾಸನೆಯಿಲ್ಲ. ಹಾಗಾಗಿ ಆ ಸಿಲಿಂಡರನ್ನು ಬದಲಾಯಿಸಲು ಹೇಳುವುದರಲ್ಲಿ ಸಂಕೋಚ ಬೇಡ.

ಒಳ್ಳೆಯ ಇನ್‌ಸ್ಟ್ರಕ್ಟರ್ ಸಲಕರಣೆ ಜೋಡಿಸುವುದನ್ನು ಹತ್ತಿರ ನಿಂತು ನೋಡುವುದೇ ಒಂದು ಪಾಠ. ತೇಲುವಿಕೆಯನ್ನು ಹೆಚ್ಚು ಕಡಿಮೆ ಮಾಡುವ ಗಾಳಿ ತುಂಬುವ ಜಾಕೆಟ್‌ಗೆ ಬಿಸಿಡಿ ಎನ್ನುತ್ತಾರೆ. ಅದನ್ನು ಸಿಲಿಂಡರಿಗೆ ಬಿಗಿಯುವ ಪಟ್ಟಿಯನ್ನು ಅವರು ಮೊದಲು ನೀರಿನಲ್ಲಿ ನೆನೆಸುತ್ತಾರೆ, ಏಕೆಂದರೆ ಒಣಪಟ್ಟಿಯನ್ನು ಎಷ್ಟೇ ಬಿಗಿದರೂ ನೀರಿನಲ್ಲಿ ಅದು ಹಿಗ್ಗಿ ಸಿಲಿಂಡರ್ ಜಾರುತ್ತದೆ. ಬಿಗಿದ ಮೇಲೆ ಜಾಕೆಟ್ ಹಿಡಿದು ಎತ್ತಿ ಅಲ್ಲಾಡಿಸಿ ನೋಡುತ್ತಾರೆ. ಸಿಲಿಂಡರಿನ ಬಾಯಲ್ಲಿ ಕೂರುವ ಓ ರಿಂಗ್ ಎಂಬ ಸಣ್ಣ ರಬ್ಬರ್ ಬಳೆಯ ಮೇಲೆ ಬೆರಳಾಡಿಸಿ ಸೀಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ರೆಗ್ಯುಲೇಟರನ್ನು ಕೂರಿಸುತ್ತಾರೆ. ವಾಲ್ವ್ ತೆರೆದ ನಂತರ ಗೇಜಿನ ಮೇಲೆ ಕಣ್ಣಿಟ್ಟು ಎರಡು ಮೂರು ಬಾರಿ ಜೋರಾಗಿ ಉಸಿರೆಳೆಯುತ್ತಾರೆ. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಬಿದ್ದು ಮೇಲೇಳುತ್ತಿದ್ದರೆ ವಾಲ್ವ್ ಅರ್ಧವೇ ತೆರೆದಿದೆ. ದೋಣಿಯ ಮೇಲೆ ಗಾಳಿ ಸರಾಗವಾಗಿ ಬಂದರೂ ಆಳಕ್ಕೆ ಹೋದಂತೆ ಅದು ಸಾಲದಾಗುತ್ತದೆ. ನಿಮ್ಮ ಗೇಜಿನಲ್ಲಿ ಇದನ್ನು ನೀವೇ ನೋಡಿಕೊಳ್ಳಬಹುದು, ಅರ್ಧ ನಿಮಿಷದ ಕೆಲಸ. ಬಾಯಿಗಿಡುವ ರೆಗ್ಯುಲೇಟರಿನ ಜೊತೆಗೆ ಹಳದಿ ಬಣ್ಣದ ಇನ್ನೊಂದು ಇರುತ್ತದೆ. ಜೊತೆಗಾರರ ಗಾಳಿ ಮುಗಿದರೆ ಕೊಡಲಿಕ್ಕೆ ಅದು. ಅದೂ ಕೆಲಸ ಮಾಡುತ್ತಿದೆಯೇ ಎಂದು ಉಸಿರಾಡಿ ನೋಡಬೇಕು. ನಮ್ಮ ಕರಾವಳಿಯ ನೀರು ಬೆಚ್ಚಗಿದ್ದರೂ ನೀರು ಗಾಳಿಗಿಂತ ಹಲವು ಪಟ್ಟು ವೇಗವಾಗಿ ಮೈಯ ಶಾಖವನ್ನು ಸೆಳೆಯುವುದರಿಂದ ತೆಳುವಾದ ವೆಟ್‌ಸೂಟ್ ಬೇಕೇ ಬೇಕು; ಅದು ಮೈಗೆ ಬಿಗಿಯಾಗಿರಬೇಕೇ ಹೊರತು ಉಸಿರು ಕಟ್ಟಿಸುವಷ್ಟಲ್ಲ. ಸೊಂಟಕ್ಕೆ ಕಟ್ಟುವ ಸೀಸದ ತೂಕ ಈಜುಕೊಳದಲ್ಲಿ ಸಾಕಾದಷ್ಟೇ ಸಮುದ್ರದಲ್ಲಿ ಸಾಲದು, ಉಪ್ಪುನೀರು ಹೆಚ್ಚು ತೇಲಿಸುತ್ತದೆ.

ನೀರಿನೊಳಗೆ ಮಾತಿಲ್ಲ, ಕೈಸನ್ನೆಯೇ ಭಾಷೆ. ಹೆಬ್ಬೆರಳು ಎತ್ತಿ ತೋರಿಸಿದರೆ ಅಲ್ಲಿ "ಚೆನ್ನಾಗಿದ್ದೇನೆ" ಎಂದಲ್ಲ, "ಮೇಲೆ ಹೋಗೋಣ" ಎಂದು. ಕ್ಯಾಮೆರಾ ಕಂಡೊಡನೆ ಹೆಬ್ಬೆರಳೆತ್ತುವ ಅಭ್ಯಾಸದಿಂದ ಐದೇ ನಿಮಿಷದಲ್ಲಿ ಡೈವ್ ಮುಗಿಸಿಕೊಂಡವರನ್ನು ನಾನು ಕಂಡಿದ್ದೇನೆ. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ದ್ವೀಪಕ್ಕೆ ದೋಣಿಯಲ್ಲಿ ಒಂದು ಗಂಟೆಗೂ ಮೀರಿದ ದಾರಿ. ವಾಂತಿಯಾಗುವ ಪ್ರಕೃತಿಯವರು ಬೆಳಿಗ್ಗೆ ಪೂರಿ, ಬೋಂಡ ಬಿಟ್ಟು ಎರಡು ಇಡ್ಲಿಗೆ ತೃಪ್ತರಾಗಬೇಕು, ಹಿಂದಿನ ರಾತ್ರಿ ಮದ್ಯವಂತೂ ಕೂಡದು. ಹವಳವನ್ನಾಗಲಿ ಮೀನನ್ನಾಗಲಿ ಮುಟ್ಟಬಾರದು, ಹವಳಕ್ಕೆ ಅದು ಹಾನಿ, ಕೆಲವು ಮೀನುಗಳ ವಿಷಯದಲ್ಲಿ ನಮಗೇ ಹಾನಿ.

ಈಗ ನಮ್ಮ ಮೈಸೂರು, ಮಂಡ್ಯದವರಿಗೇ ವಿಶೇಷವಾಗಿ ಅನ್ವಯಿಸುವ, ಆದರೆ ಯಾವ ಪ್ರವಾಸಿ ಕರಪತ್ರದಲ್ಲೂ ನಾನು ನೋಡಿರದ ವಿಷಯ. ಆಳದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ಹೆಚ್ಚಿನ ಪ್ರಮಾಣದಲ್ಲಿ ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗುತ್ತದೆ. ಮೇಲೆ ಬಂದ ನಂತರ ಗಂಟೆಗಟ್ಟಲೆ ಕಾಲ ನಿಧಾನವಾಗಿ ಹೊರಹೋಗುತ್ತದೆ. ನಿಧಾನವಾಗಿ ಮೇಲೇರಬೇಕು, ಡೈವ್‌ನ ಕೊನೆಯಲ್ಲಿ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು ಎಂಬ ಕ್ರಮ ಇದಕ್ಕಾಗಿಯೇ ಇದೆ. ಆ ಸಾರಜನಕ ಪೂರ್ತಿ ಹೊರಹೋಗುವ ಮೊದಲೇ ಹೊರಗಿನ ಒತ್ತಡ ಇನ್ನಷ್ಟು ಕಡಿಮೆಯಾದರೆ ಅದು ಮೈಯೊಳಗೇ ಗುಳ್ಳೆಗಟ್ಟಬಹುದು. ಆದ್ದರಿಂದ ಒಂದೇ ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ಅಥವಾ ಸತತ ಹಲವು ದಿನ ಮಾಡಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದೆಂದು ಡೈವರ್‌ಗಳ ಆರೋಗ್ಯಕ್ಕೆ ಮೀಸಲಾದ ಡ್ಯಾನ್ ಸಂಸ್ಥೆಯ ಸಲಹೆಯಿದೆ. ಈ ಸಲಹೆ ಅನ್ವಯವಾಗುವುದು ವಿಮಾನದೊಳಗಿನ ಒತ್ತಡ ಸುಮಾರು 600 ಮೀಟರ್ ಎತ್ತರಕ್ಕೆ ಸಮನಾದಾಗಿನಿಂದ. ಬೆಟ್ಟದ ರಸ್ತೆಗೂ ಅದೇ ಭೌತಶಾಸ್ತ್ರ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿನ ವಾಯುಒತ್ತಡ ಕರಾವಳಿಗಿಂತ ಸುಮಾರು ಶೇ 9ರಷ್ಟು ಕಡಿಮೆ. ಮಂಡ್ಯ ಇದಕ್ಕಿಂತ ಸ್ವಲ್ಪ ತಗ್ಗಿನಲ್ಲಿದ್ದರೂ 600 ಮೀಟರ್‌ಗಿಂತ ಮೇಲೆಯೇ ಇದೆ. ಸಂಪಾಜೆ ಘಟ್ಟ ಹತ್ತಿ ಮಡಿಕೇರಿಯ ಮೇಲೆ ಬರುವವರು ಸುಮಾರು 1,150 ಮೀಟರ್ ಎತ್ತರವನ್ನು ದಾಟುತ್ತಾರೆ, ಅಲ್ಲಿ ಒತ್ತಡ ಶೇ 13ರಷ್ಟು ಕಡಿಮೆ. ಶಿರಾಡಿ ಘಟ್ಟದ ರಸ್ತೆಯಲ್ಲಿ ಬಂದರೂ ರೈಲಿನಲ್ಲಿ ಬಂದರೂ ಸಕಲೇಶಪುರದ ಎತ್ತರ ತಪ್ಪದು.

ಸಮುದ್ರದ ಪಕ್ಕದಲ್ಲೇ ಮನೆಯಿರುವ ಮಂಗಳೂರಿನವರಿಗೆ ಇಲ್ಲದ ಈ ಕಟ್ಟುಪಾಡು ನಮಗಿದೆ. ಬೆಳಿಗ್ಗೆ ಡೈವ್, ಮಧ್ಯಾಹ್ನ ಊಟ, ಸಂಜೆಗೆ ಘಟ್ಟ, ರಾತ್ರಿಗೆ ಮನೆ ಎಂಬ ಕಾರ್ಯಕ್ರಮ ಅನುಕೂಲಕರವಾಗಿ ಕಂಡರೂ ಅದರ ಕ್ರಮವೇ ತಲೆಕೆಳಗು. ಐದಾರು ಮೀಟರ್‌ನಲ್ಲಿ ಇಪ್ಪತ್ತು ನಿಮಿಷದ ಪರಿಚಯ ಡೈವ್ ಮಾಡಿದವರಲ್ಲಿ ಕರಗಿರುವ ಸಾರಜನಕ ಅತ್ಯಲ್ಪ, ಅವರು ಭಯಪಡಬೇಕಾಗಿಲ್ಲ; ಆದರೂ ಒಂದು ರಾತ್ರಿ ಕೆಳಗೇ ತಂಗುವುದರಿಂದ ನಷ್ಟವೇನಿಲ್ಲ. ದಿನಕ್ಕೆ ಎರಡರಂತೆ ಡೈವ್ ಮಾಡಿ ಕೋರ್ಸ್ ಮುಗಿಸಿದವರ ಸ್ಥಿತಿ ಬೇರೆ, ಅವರಿಗೆ ಇದು ಐಚ್ಛಿಕವಲ್ಲ. ಡೈವ್ ಅನ್ನು ಮೊದಲ ದಿನಕ್ಕೆ ಹಾಕಿಕೊಂಡು, ಮುರ್ಡೇಶ್ವರದ ದೇವಸ್ಥಾನ, ಇಡಗುಂಜಿ, ಹೊನ್ನಾವರದ ಶರಾವತಿ ಹಿನ್ನೀರಿನ ಕಾಂಡ್ಲಾವನಗಳನ್ನು ಮರುದಿನಕ್ಕೆ ಇಟ್ಟುಕೊಂಡರೆ ಪ್ರವಾಸವೂ ಕೆಡುವುದಿಲ್ಲ. ಕನ್ನಂಬಾಡಿಯ ಹಿನ್ನೀರಿನಲ್ಲೇ ಅಭ್ಯಾಸ ಮಾಡಬಹುದಲ್ಲ ಎಂದು ಪರಿಚಿತರೊಬ್ಬರು ಕೇಳಿದ್ದರು. ಅನುಮತಿಯ ಪ್ರಶ್ನೆ ಹಾಗಿರಲಿ, 300 ಮೀಟರ್‌ಗಿಂತ ಎತ್ತರದ ಜಾಗದ ಡೈವ್‌ಗೆ ಸಮುದ್ರಮಟ್ಟದ ಲೆಕ್ಕಗಳು ಹೊಂದುವುದಿಲ್ಲ, ಅದಕ್ಕೆ ಪ್ರತ್ಯೇಕ ತರಬೇತಿಯೇ ಇದೆ.

ಊರಿಗೆ ಮರಳಿದ ಮೇಲೆ ಕೀಲುಗಳಲ್ಲಿ ಆಳವಾದ ನೋವು, ಕೈಕಾಲು ಜೋಮು, ತಲೆಸುತ್ತು, ಮೈಮೇಲೆ ಗಂಧೆ, ಕಾರಣವಿಲ್ಲದ ವಿಪರೀತ ಆಯಾಸ ಕಂಡರೆ ಪ್ರಯಾಣದ ದಣಿವೆಂದು ಮುಲಾಮು ಹಚ್ಚಿಕೊಂಡು ಮಲಗಬಾರದು. ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದೆನೆಂಬುದನ್ನೂ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದೆ, ಯಾವಾಗ ಘಟ್ಟ ಹತ್ತಿದೆ ಎಂಬುದನ್ನೂ ಮೊದಲ ಮಾತಾಗಿ ಹೇಳಬೇಕು. ಸಮುದ್ರವಿಲ್ಲದ ಊರಿನ ವೈದ್ಯರಿಗೆ ಅದು ತಾನಾಗಿ ಹೊಳೆಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಇದಕ್ಕೆ ಪ್ರಥಮ ಚಿಕಿತ್ಸೆ ಶುದ್ಧ ಆಮ್ಲಜನಕ. ಪೂರ್ಣ ಚಿಕಿತ್ಸೆಗೆ ಮತ್ತೆ ಒತ್ತಡಕ್ಕೆ ಒಳಪಡಿಸುವ ವಿಶೇಷ ಕೊಠಡಿ ಬೇಕಾಗುತ್ತದೆ. ಹತ್ತಿರದ ಅಂಥ ಕೊಠಡಿ ಎಲ್ಲಿದೆ, ಅಲ್ಲಿಗೆ ಕರೆದೊಯ್ಯುವ ವ್ಯವಸ್ಥೆ ಏನು ಎಂದು ಡೈವ್ ಕೇಂದ್ರದವರನ್ನು ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಬೇಕು.

ಕೊನೆಯದಾಗಿ ಆರೋಗ್ಯದ ನಮೂನೆಯ ವಿಷಯ. ಆಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗ, ಸಕ್ಕರೆ ಕಾಯಿಲೆ, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭಾವಸ್ಥೆ ಮುಂತಾದವುಗಳ ಬಗ್ಗೆ ಅದರಲ್ಲಿ ಪ್ರಶ್ನೆಗಳಿರುತ್ತವೆ. ಗರ್ಭಿಣಿಯರು ಡೈವ್ ಮಾಡುವಂತೆಯೇ ಇಲ್ಲ, ಉಳಿದ ಯಾವುದಕ್ಕಾದರೂ "ಹೌದು" ಎಂದಾದರೆ ವೈದ್ಯರ ಒಪ್ಪಿಗೆಯ ಸಹಿ ಬೇಕು. ನಾನು ಕಂಡ ಒಂದು ದೋಣಿಯಲ್ಲಿ ಈ ನಮೂನೆಯನ್ನು ದಡ ಬಿಟ್ಟ ಮೇಲೆ ಹಂಚಿದರು. ಇಂಗ್ಲಿಷಿನಲ್ಲಿದ್ದ, ಅಲೆಯ ಹೊಯ್ದಾಟದಲ್ಲಿ ಓದಲೂ ಆಗದ ಆ ಹಾಳೆಯಲ್ಲಿ ಎಲ್ಲರೂ ಪಕ್ಕದವರನ್ನು ನೋಡಿ ಉದ್ದಕ್ಕೂ "ಇಲ್ಲ" ಎಂದು ಗೀಚಿದರು. ನನ್ನ ಪಕ್ಕದಲ್ಲಿದ್ದ ಮಂಡ್ಯದ ಹುಡುಗನ ಜೇಬಿನಲ್ಲಿ ಆಸ್ತಮಾದ ಇನ್‌ಹೇಲರ್ ಇತ್ತು; ಕೇಳಿದರೆ, "ಹೌದು ಅಂತ ಹಾಕಿದ್ರೆ ಕಟ್ಟಿದ ದುಡ್ಡು ಹೋಗುತ್ತಲ್ಲ ಸಾರ್" ಎಂದ. ಅವನನ್ನು ದೂರಿ ಫಲವಿಲ್ಲ. ಮೈಸೂರಿನಿಂದ ಪ್ರವಾಸ ಏರ್ಪಡಿಸುವವರು ಮುಂಗಡ ಪಡೆಯುವ ದಿನವೇ ಈ ನಮೂನೆಯನ್ನು ಕನ್ನಡದಲ್ಲಿ ಕೈಗೆ ಕೊಟ್ಟರೆ ನಮ್ಮ ನಮ್ಮ ವೈದ್ಯರಿಗೆ ತೋರಿಸಿ ಬರಲು ವಾರವಾದರೂ ಸಿಗುತ್ತದೆ. ವೈದ್ಯರು ಬೇಡವೆಂದರೆ ಹಣ ಹಿಂದಿರುಗಿಸುವುದಾಗಿ ಅವರು ರಸೀದಿಯ ಮೇಲೆಯೇ ಮುದ್ರಿಸಬೇಕು; ನೀರಿಗಿಳಿಯಲಾಗದವರಿಗೆ ದೋಣಿಯಲ್ಲೇ ಕುಳಿತು ಬರುವ ಅಥವಾ ಸ್ನಾರ್ಕೆಲ್ ಎಂಬ ಉಸಿರಾಟದ ಕೊಳವೆ ಹಾಕಿ ಮೇಲಿನಿಂದಲೇ ನೋಡುವ ಆಯ್ಕೆ ಕೊಡುವುದು ಅವರಿಗೂ ಕಷ್ಟವಾಗಲಾರದು. ಡೈವ್ ಕೇಂದ್ರಗಳಿಗೆ ಪರವಾನಗಿ ಕೊಡುವ ಇಲಾಖೆಯವರು ಕನ್ನಡದ ನಮೂನೆಯನ್ನೂ ಮುಂಗಡ ವಾಪಸಾತಿಯನ್ನೂ ಷರತ್ತುಗಳಲ್ಲಿ ಸೇರಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ಸರಸ್ವತಿಪುರಂ, ಮೈಸೂರು